ಅಲ್ಪಸ್ಮೃತಿಯ ಗಣಕಯಂತ್ರಗಳೂ ಚದುರಂಗದಾಟವೂ

ಯಂತ್ರವು ಮನುಷ್ಯನೊಡನೆ ಚದುರಂಗವಾಡಿದ ವೃತ್ತಾಂತವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಒಂದು ದಿಗ್ವಿಜಯದ ಕಥೆಯಂತೆ ಬರೆಯುತ್ತಾರೆ. 1950ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ಅವರ ಲೇಖನ ಪ್ರಕಟವಾಯಿತು, 1997ರಲ್ಲಿ ಐ.ಬಿ.ಎಂ. ಸಂಸ್ಥೆಯ ‘ಡೀಪ್ ಬ್ಲೂ’ ವಿಶ್ವವಿಜೇತ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತು. ನಡುವಣ ವರ್ಷಗಳೆಲ್ಲ ಆ ಗೆಲವಿನ ಕಡೆಗೆ ಹತ್ತಿದ ಮೆಟ್ಟಿಲುಗಳು. ಹೀಗೆ ಬರೆದ ಚರಿತ್ರೆಯಲ್ಲಿ ಬಲಹೀನವಾದ ಯಂತ್ರಗಳಿಗೆ ಸ್ಥಳ ದೊರೆಯುವುದು ಕಷ್ಟ. ದೊರೆತರೂ ‘ಮೊತ್ತಮೊದಲನೆಯದು’, ‘ಅತ್ಯಂತ ಚಿಕ್ಕದು’ ಎಂಬ ಬಿರುದಿನ ಬಲದಿಂದ ಮಾತ್ರ. ಪ್ರಕೃತ ಲೇಖನದ ವಿಷಯ ಆ ಬಲಹೀನ ಯಂತ್ರಗಳೇ. ಅತ್ಯಲ್ಪವಾದ ಸ್ಮೃತಿಯುಳ್ಳ ಗಣಕಯಂತ್ರಗಳಿಗಾಗಿ ಚದುರಂಗದ ಕ್ರಮವಿಧಿಗಳನ್ನು ರಚಿಸಿದವರು ಆಟದ ಯಾವ ಅಂಶವನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು, ಏಕೆ ಕೈಬಿಟ್ಟರು ಎಂಬುದನ್ನು ವಿಚಾರಿಸಿದ ಹೊರತು ಮೇಲ್ಕಂಡ ಬಿರುದುಗಳಿಗೆ ಅರ್ಥವಿಲ್ಲವೆಂದು ತೋರಿಸುವುದು ನಮ್ಮ ಉದ್ದೇಶ.

ಮೊದಲು ಪರಿಭಾಷೆಯನ್ನು ಕುರಿತು ಎರಡು ಮಾತು. ಗಣಕಯಂತ್ರದ ಸ್ಮೃತಿಯೆಂದರೆ ಅಂಕಿಗಳನ್ನು ಇಡತಕ್ಕ ಗೂಡುಗಳ ಸಾಲು. ಯಂತ್ರದ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ವಿಧಿಸುವ ಆದೇಶಗಳೂ ಆ ಗೂಡುಗಳಲ್ಲೇ ಇರಬೇಕು. ಕೆಲಸದ ನಡುವೆ ಜ್ಞಾಪಕದಲ್ಲಿಡಬೇಕಾದ ವಿವರಗಳೂ ಅಲ್ಲೇ ಇರಬೇಕು. ಆದೇಶಗಳ ಸಮುದಾಯಕ್ಕೆ ಕ್ರಮವಿಧಿಯೆಂದು ಹೆಸರು. ಸೊನ್ನೆ ಅಥವಾ ಒಂದು ಎಂಬ ದ್ವಿಮಾನಾಂಕಗಳು ಎಂಟು ಸೇರಿದರೆ ಒಂದು ಬೈಟು. ಅದರಲ್ಲಿ 0ಯಿಂದ 255ರ ವರೆಗಿನ ಒಂದು ಸಂಖ್ಯೆಯನ್ನೋ ರೋಮನ್ ಲಿಪಿಯ ಒಂದು ಅಕ್ಷರವನ್ನೋ ಇಡಬಹುದು. ಕನ್ನಡ ಲಿಪಿಯ ಒಂದೊಂದು ಚಿಹ್ನೆಗೆ ಈಗಿನ ಸಾಮಾನ್ಯ ರೂಢಿಯಲ್ಲಿ ಮೂರು ಬೈಟುಗಳು ಬೇಕು. ಮುಂದೆ ವಿವರಿಸಲಿರುವ ಒಂದು ಕ್ರಮವಿಧಿ 924 ಬೈಟುಗಳದು. ಅಷ್ಟು ಸ್ಥಳದಲ್ಲಿ ಕನ್ನಡದ 308 ಚಿಹ್ನೆಗಳು ಹಿಡಿಸುತ್ತವೆ, ಎಂದರೆ ಈ ಕಂಡಿಕೆಯ ಅರ್ಧಭಾಗವೂ ಹಿಡಿಸದು. ಇನ್ನು ಆಟದ ಕಾಯಿಗಳಿಗೆ ನಮ್ಮಲ್ಲಿ ರೂಢವಾದ ಹೆಸರುಗಳನ್ನೇ ಬಳಸಿಕೊಂಡಿದ್ದೇವೆ: ಇಂಗ್ಲಿಷಿನ ಕ್ವೀನ್ ಇಲ್ಲಿ ಮಂತ್ರಿ, ರೂಕ್ ಆನೆ, ಬಿಷಪ್ ಒಂಟೆ, ಪಾನ್ ಪದಾತಿ. ಒಬ್ಬನು ಒಮ್ಮೆ ಕಾಯಿ ನಡೆಸುವುದನ್ನು ‘ನಡೆ’ ಎಂದಿದ್ದೇವೆ.

1770ರಲ್ಲಿ ವಿಯೆನ್ನದಲ್ಲಿ ಕೆಂಪೆಲೆನ್ ಪ್ರದರ್ಶಿಸಿದ ‘ತುರ್ಕಿ’ಯ ಪೆಟ್ಟಿಗೆಯೊಳಗೆ ಮನುಷ್ಯನೇ ಅಡಗಿ ಕುಳಿತಿದ್ದುದರಿಂದ ಅದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ನಿಜವಾಗಿ ತಾನೇ ಆಡಿದ ಯಂತ್ರವನ್ನು 1912ರಲ್ಲಿ ನಿರ್ಮಿಸಿದವರು ಸ್ಪೇನಿನ ಎಂಜಿನಿಯರ್ ಲಿಯೊನಾರ್ದೊ ತೋರೆಸ್ ಕೆವೇದೊ. 1914ರಲ್ಲಿ ಅದು ಪ್ಯಾರಿಸಿನಲ್ಲಿ ಪ್ರದರ್ಶಿತವಾಯಿತು. ಯಂತ್ರದ ಪಾಲಿಗೆ ಬಿಳಿಯ ರಾಜ ಮತ್ತು ಆನೆ. ಎದುರಾಳಿಯ ಪಾಲಿಗೆ ಕರಿಯ ರಾಜನೊಬ್ಬನೇ. ಎದುರಾಳಿ ಹೇಗೆ ತಪ್ಪಿಸಿಕೊಂಡರೂ ಯಂತ್ರವು ಕೊನೆಗೆ ಅವನ ರಾಜನನ್ನು ಕಟ್ಟಿಹಾಕುತ್ತಿತ್ತು. ಈ ಯಂತ್ರಕ್ಕೆ ಸ್ಮೃತಿಯೆಂಬುದೇ ಇರಲಿಲ್ಲವೆಂಬುದು ಗಮನಾರ್ಹ. ಮೂರು ಕಾಯಿಗಳು ಈಗ ಎಲ್ಲೆಲ್ಲಿ ನಿಂತಿವೆ ಎಂಬುದನ್ನು ಹಲಗೆಯಲ್ಲಿದ್ದ ವಿದ್ಯುತ್ ಸಂಪರ್ಕಗಳು ತಿಳಿಸುತ್ತಿದ್ದುವು. ಆ ಸ್ಥಾನಗಳ ಪರಸ್ಪರ ಸಂಬಂಧವನ್ನು ಅನುಸರಿಸಿ ಮುಂದಿನ ನಡೆ ತಾನೇ ನಿಶ್ಚಿತವಾಗುತ್ತಿತ್ತು. ಹಿಂದೆ ಏನು ನಡೆಯಿತೆಂಬುದು ಅದಕ್ಕೆ ಬೇಕಾಗಿರಲಿಲ್ಲ. ಆಟದ ಹಲಗೆಯೇ ಅದರ ಸ್ಮೃತಿಯಾಗಿತ್ತೆನ್ನಬಹುದು. ಕಡೆಯಾಟದ ಈ ಒಂದು ತುಣುಕಿಗೆ ಅಷ್ಟು ಸಾಕು. ಪೂರ್ಣವಾದ ಆಟಕ್ಕೆ ಸಾಲದು.

ಏಕೆ ಸಾಲದೆಂಬುದನ್ನು ಲೆಕ್ಕಹಾಕಿ ತೋರಿಸಿದವರು ಶ್ಯಾನನ್. 1949ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಓದಿ, ಮರುವರ್ಷ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಹೇಳಿದುದಿಷ್ಟು: ಒಂದು ಸ್ಥಿತಿಯಲ್ಲಿ ಸರಾಸರಿ 30 ನಡೆಗಳು ಸಾಧ್ಯ; ಬಿಳಿಯ ಒಂದು ನಡೆ, ಕರಿಯ ಒಂದು ನಡೆ ಸೇರಿದರೆ ಸುಮಾರು ಸಾವಿರ ಬಗೆ; ನಾಲ್ವತ್ತು ಜೋಡಿ ನಡೆಗಳ ಆಟಕ್ಕೆ 1ರ ಮುಂದೆ 120 ಸೊನ್ನೆಗಳನ್ನಿಟ್ಟಷ್ಟು ಬಗೆ. ಆದಕಾರಣ ಕೊನೆಯವರೆಗೆ ನೋಡುವ ಆಸೆಯನ್ನು ಬಿಟ್ಟು ಕೆಲವು ನಡೆಗಳ ಆಳದವರೆಗೆ ಮಾತ್ರ ನೋಡಬೇಕು. ಅಲ್ಲಿ ಮಂತ್ರಿಗೆ 9, ಆನೆಗೆ 5, ಒಂಟೆ ಕುದುರೆಗಳಿಗೆ 3, ಪದಾತಿಗೆ 1 ಎಂದು ಬೆಲೆಕಟ್ಟಿ, ಪದಾತಿಗಳ ದೌರ್ಬಲ್ಯಕ್ಕಾಗಿ ಸ್ವಲ್ಪ ಕಳೆದು, ಕಾಯಿಗಳ ಚಲನಸ್ವಾತಂತ್ರ್ಯಕ್ಕಾಗಿ ಸ್ವಲ್ಪ ಕೂಡಿಸಿ ಸ್ಥಿತಿಯ ಯೋಗ್ಯತೆಯನ್ನು ನಿರ್ಣಯಿಸಬೇಕು. ಎಲ್ಲ ನಡೆಗಳನ್ನೂ ಪರೀಕ್ಷಿಸುವ ಮಾರ್ಗವೊಂದು, ಆಯ್ದ ಕೆಲವನ್ನು ಮಾತ್ರ ಪರೀಕ್ಷಿಸುವ ಮಾರ್ಗವಿನ್ನೊಂದು. ಮುಂದಿನ ಎಲ್ಲ ಕ್ರಮವಿಧಿಗಳೂ ಈ ಎರಡರಲ್ಲಿ ಒಂದನ್ನೋ ಎರಡರ ಮಿಶ್ರಣವನ್ನೋ ಹಿಡಿದಿವೆ. ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಅವರು ಡೇವಿಡ್ ಶಾಂಪರ್ನೌನ್ ಅವರೊಡನೆ 1948ರಲ್ಲಿ ಇಂಥದೇ ವಿಧಿಯೊಂದನ್ನು ರೂಪಿಸಿದ್ದರು. ಯಂತ್ರದ ಬದಲು ಸ್ವತಃ ಕಾಗದದ ಮೇಲೆ ಲೆಕ್ಕಮಾಡುತ್ತ, ನಡೆಯೊಂದಕ್ಕೆ ಸುಮಾರು ಅರ್ಧ ಗಂಟೆಯಂತೆ ತೆಗೆದುಕೊಂಡು, 1952ರಲ್ಲಿ ಅಲಿಕ್ ಗ್ಲೆನಿ ಎಂಬವರೊಡನೆ ಆಡಿ ಇಪ್ಪತ್ತೊಂಬತ್ತನೆಯ ನಡೆಗೆ ಸೋತರು.

ಕಾಗದದಿಂದ ಯಂತ್ರಕ್ಕೆ ಇಳಿದ ಕೂಡಲೆ ಕೈಬಿಡುವ ಕೆಲಸವೂ ಆರಂಭವಾಯಿತು. ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು ಫೆರಾಂಟಿ ಸಂಸ್ಥೆಯಲ್ಲಿದ್ದ ಡೀಟ್ರಿಕ್ ಪ್ರಿನ್ಸ್ ಅವರ ಕ್ರಮವಿಧಿ 1951ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನ ಫೆರಾಂಟಿ ಮಾರ್ಕ್ 1 ಯಂತ್ರದಲ್ಲಿ ನಡೆಯಿತು. ಆ ಯಂತ್ರದ ಮುಖ್ಯಸ್ಮೃತಿ ಎಂಟು ಕ್ಯಾಥೋಡ್ ನಳಿಗೆಗಳದು. ಒಂದೊಂದು ನಳಿಗೆಯಲ್ಲಿ ಇಪ್ಪತ್ತು ದ್ವಿಮಾನಾಂಕಗಳ 64 ಸಾಲು. ಒಟ್ಟು ಇಂದಿನ ಲೆಕ್ಕದಲ್ಲಿ 1280 ಬೈಟುಗಳಾಗುತ್ತವೆ. ಇದರ ಹಿಂದೆ ನಿಧಾನಗತಿಯ ಕಾಂತೀಯ ಉರುಳೆಯೊಂದು ದೊಡ್ಡ ಉಗ್ರಾಣದಂತೆ ಇದ್ದಿತು. ಪ್ರಿನ್ಸ್ ಅವರು ಪೂರ್ಣ ಆಟಕ್ಕೆ ಕೈಹಾಕದೆ, ಎರಡೇ ನಡೆಗಳಲ್ಲಿ ಚೆಕ್‌ಮೇಟ್ ಮಾಡಬೇಕಾದ ಸಮಸ್ಯೆಗಳನ್ನು ಬಿಡಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಿದರು. ಅದರಲ್ಲಿಯೂ ಕೋಟೆ ಕಟ್ಟುವ ನಡೆಯಿಲ್ಲ. ಪದಾತಿಗೆ ಮೊದಲ ಬಾರಿ ಎರಡು ಮನೆ ದಾಟುವ ಹಕ್ಕಿಲ್ಲ. ಹಾಗೆ ದಾಟಿದ ಪದಾತಿಯನ್ನು ಪಕ್ಕದ ಪದಾತಿಯು ಹಾದಿಯಲ್ಲೇ ಹೊಡೆಯುವ ‘ಆಂಪಾಸಾಂ’ ನಿಯಮವಿಲ್ಲ. ಕೊನೆಯ ಸಾಲನ್ನು ಮುಟ್ಟಿದ ಪದಾತಿಗೆ ಬಡ್ತಿಯಿಲ್ಲ. ಚೆಕ್‌ಮೇಟಿಗೂ, ಚೆಕ್ ಇಲ್ಲದೆಯೇ ನಡೆಗಳು ಮುಗಿದುಹೋಗುವ ಸ್ಥಿತಿಗೂ ಇರುವ ಭೇದವನ್ನು ಸಹ ಅದು ಗಣಿಸುತ್ತಿರಲಿಲ್ಲ. ಒಂದು ಸಮಸ್ಯೆಗೆ ಸುಮಾರು ಹದಿನೈದು ನಿಮಿಷ ಹಿಡಿಯಿತು. ‘ಗಣಕಯಂತ್ರದಲ್ಲಿ ನಡೆದ ಮೊದಲ ಚದುರಂಗ’ ಎಂಬ ಬಿರುದು ಇದಕ್ಕೆ ಸಲ್ಲುತ್ತಿರುವುದನ್ನು ಈ ಪಟ್ಟಿಯೊಡನೆ ಹೋಲಿಸಿ ನೋಡಬೇಕು.

1956ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿ ಪಾಲ್ ಸ್ಟೈನ್, ಮಾರ್ಕ್ ವೆಲ್ಸ್, ಸ್ಟಾನಿಸ್ಲಾ ಉಲಾಮ್ ಮೊದಲಾದವರು ಮ್ಯಾನಿಯಾಕ್ ಯಂತ್ರಕ್ಕೆ ಕಲಿಸಿದ ಆಟ ಇನ್ನೊಂದು ಬಗೆಯಲ್ಲಿ ಮೊಟಕಾದುದು. ಅಲ್ಲಿ ಹಲಗೆಯೇ ಕುಗ್ಗಿ ಆರಾರು ಸಾಲುಗಳ 36 ಮನೆಯದಾಯಿತು, ಒಂಟೆಗಳನ್ನು ತೆಗೆದುಹಾಕಿದರು, ಪದಾತಿಯ ಜೋಡಿನಡೆಯೂ ಕೋಟೆಯೂ ಹೋದುವು. ಸ್ಮೃತಿಯ ಅಭಾವವೇ ಇದಕ್ಕೆ ಕಾರಣವೆಂದು ಭಾವಿಸುವುದು ಸರಿಯಲ್ಲ. ಮ್ಯಾನಿಯಾಕಿನಲ್ಲಿ ನಾಲ್ವತ್ತು ದ್ವಿಮಾನಾಂಕಗಳ 1024 ಪದಗಳಿದ್ದುವು, ಎಂದರೆ 5120 ಬೈಟು. ಮ್ಯಾಂಚೆಸ್ಟರಿನ ಮುಖ್ಯಸ್ಮೃತಿಯ ನಾಲ್ಕರಷ್ಟು. ಅಲ್ಲಿ ಕೊರತೆಯಾದುದು ಕಾಲ. ಸೆಕೆಂಡಿಗೆ ಸುಮಾರು 11,000 ಕ್ರಿಯೆಗಳ ವೇಗದಲ್ಲಿ ನಾಲ್ಕು ನಡೆಗಳ ಆಳಕ್ಕೆ ನೋಡಲು ಆ ಕಿರಿಯ ಹಲಗೆಯಲ್ಲಿಯೇ ಸುಮಾರು ಹನ್ನೆರಡು ನಿಮಿಷ ಬೇಕಾಯಿತು. ಒಂದು ಸ್ಥಿತಿಯಲ್ಲಿ ಸಾಧ್ಯವಾದ ನಡೆಗಳು 30ರ ಬದಲು 20 ಆದರೆ ನಾಲ್ಕು ನಡೆಗಳ ಆಳದಲ್ಲಿ 8,10,000 ಸ್ಥಿತಿಗಳ ಬದಲು 1,60,000 ಸ್ಥಿತಿಗಳನ್ನು ನೋಡಿದರೆ ಸಾಕು. ಹಲಗೆಯನ್ನು ಕುಗ್ಗಿಸಿದುದರ ಲಾಭ ಇದು. ಈ ಯಂತ್ರ ಮೂರು ಆಟಗಳನ್ನಾಡಿತು. ಮೊದಲನೆಯದು ತನ್ನೊಡನೆ ತಾನೇ. ಎರಡನೆಯದರಲ್ಲಿ ಪ್ರಿನ್ಸ್‌ಟನ್ನಿನ ಗಣಿತಜ್ಞ ಮಾರ್ಟಿನ್ ಕ್ರುಸ್ಕಲ್ ಅವರು ತಮ್ಮ ಮಂತ್ರಿಯನ್ನು ಬಿಟ್ಟುಕೊಟ್ಟು ಆಡಿದರು. ಬಹುಕಾಲ ಬಿಡಿಸಿಕೊಳ್ಳಲಾರದೆ, ‘ಅದು’ ಎನ್ನುತ್ತಿದ್ದ ಎದುರಾಳಿಯನ್ನು ನಡುವೆ ‘ಅವನು’ ಎನ್ನತೊಡಗಿದರೆಂದು ಹೇಳುತ್ತಾರೆ. ಕೊನೆಗೆ ಗೆದ್ದವರು ಅವರೇ. ಮೂರನೆಯದರಲ್ಲಿ ಎದುರಾಳಿ ಒಂದು ವಾರದ ಹಿಂದಷ್ಟೆ ನಿಯಮಗಳನ್ನು ಕಲಿತವರು. ಯಂತ್ರವು 23 ನಡೆಗಳಲ್ಲಿ ಗೆದ್ದಿತು. ಒಂಟೆಯಿಲ್ಲದ ಆ ಗೆಲವನ್ನು ಚದುರಂಗದ ಗೆಲವೆಂದು ಬರೆಯುವವರಿದ್ದಾರೆ; ಚದುರಂಗವನ್ನು ಹೋಲುವ ಆಟದ ಗೆಲವೆಂದರೆ ಯಾರ ತಕರಾರೂ ಇರದು.

ಮುಂದಾಲೋಚನೆಗೆ ಅಪಾರವಾದ ಸ್ಮೃತಿ ಬೇಕೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಮೇಲೆ ಹೇಳಿದ 8,10,000 ಸ್ಥಿತಿಗಳನ್ನೂ ಬರೆದಿಡುವುದಾದರೆ, ಸ್ಥಿತಿಯೊಂದಕ್ಕೆ 32 ಬೈಟುಗಳಂತೆ 2,59,20,000 ಬೈಟುಗಳು ಬೇಕು. ಆದರೆ ಬರೆದಿಡಬೇಕಾದ ಅಗತ್ಯವೇ ಇಲ್ಲ. ಅಪರಿಚಿತವಾದ ಹಳೆಯ ಪೇಟೆಯೊಂದರ ಎಲ್ಲ ಗಲ್ಲಿಗಳನ್ನೂ ನೋಡಬಯಸಿದವನು ಪೇಟೆಯ ನಕ್ಷೆಯನ್ನು ತಲೆಯಲ್ಲಿಟ್ಟುಕೊಳ್ಳಬೇಕಾಗಿಲ್ಲ. ತಾನು ಈಗ ಯಾವ ಯಾವ ತಿರುವುಗಳನ್ನು ಹಿಡಿದು ಬಂದೆನೆಂಬುದು ನೆನಪಿದ್ದರೆ ಸಾಕು. ಗಲ್ಲಿ ಮುಗಿದಲ್ಲಿ ಒಂದು ತಿರುವು ಹಿಂದಕ್ಕೆ ಬಂದು ಮುಂದಿನ ಗಲ್ಲಿಯನ್ನು ಹೊಕ್ಕರಾಯಿತು. ಯಂತ್ರವೂ ಹಾಗೆಯೇ ಒಂದು ನಡೆಯನ್ನು ಮಾಡಿ, ಅದರ ಪ್ರತಿನಡೆಯನ್ನು ಮಾಡಿ, ನಿಶ್ಚಿತವಾದ ಆಳಕ್ಕೆ ಬಂದಾಗ ಬೆಲೆಕಟ್ಟಿ, ಕೊನೆಯ ನಡೆಯನ್ನು ಹಿಂತೆಗೆದುಕೊಂಡು ಬೇರೊಂದನ್ನು ಪ್ರಯತ್ನಿಸುತ್ತದೆ. ಯಾವ ಕ್ಷಣದಲ್ಲಿಯೂ ಅದರ ಸ್ಮೃತಿಯಲ್ಲಿರಬೇಕಾದುದು ನಾಲ್ಕು ನಡೆಗಳು ಮತ್ತು ಅವುಗಳಲ್ಲಿ ಹೊಡೆದ ಕಾಯಿಗಳ ಗುರುತು ಮಾತ್ರ. ಎದುರಾಳಿಯ ಒಂದು ಉತ್ತರದಿಂದಲೇ ಕೆಟ್ಟದ್ದೆಂದು ಸಿದ್ಧವಾದ ನಡೆಯು ಇನ್ನೆಷ್ಟು ಕೆಟ್ಟದ್ದೆಂದು ಶೋಧಿಸದೆ ಬಿಡುವ ‘ಆಲ್ಫಾ-ಬೀಟಾ’ ಎಂಬ ಉಪಾಯವನ್ನು ಇದಕ್ಕೆ ಸೇರಿಸಿದರೆ, ನಡೆಗಳು ಅನುಕೂಲವಾದ ಕ್ರಮದಲ್ಲಿ ಎದುರಾದಾಗ 8,10,000ದ ಬದಲು 1,799 ಸ್ಥಿತಿಗಳಿಗೆ ಬೆಲೆಕಟ್ಟಿದರೆ ಮುಗಿಯಿತು. ಈ ಉಪಾಯಕ್ಕೆ ಹೆಚ್ಚಾಗಿ ಬೇಕಾಗುವ ಸ್ಮೃತಿ ಹಂತಕ್ಕೆ ಒಂದೆರಡು ಸಂಖ್ಯೆಗಳಷ್ಟೆ.

ಸ್ಮೃತಿ ದೊಡ್ಡದಾದ ಮಾತ್ರಕ್ಕೆ ಆಟ ಉತ್ತಮವಾಗಲಿಲ್ಲವೆಂಬುದಕ್ಕೆ ಐತಿಹಾಸಿಕವಾದ ದೃಷ್ಟಾಂತವೂ ಉಂಟು. 1957ರಲ್ಲಿ ಅಲೆಕ್ಸ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರು ಐ.ಬಿ.ಎಂ. 704 ಯಂತ್ರಕ್ಕಾಗಿ ರಚಿಸಿದ ಕ್ರಮವಿಧಿ, ಆಟದ ನಿಯಮಗಳನ್ನೆಲ್ಲ ಒಳಗೊಂಡ ಮೊದಲನೆಯದೆಂದು ಸಾಮಾನ್ಯವಾಗಿ ಗಣಿತವಾಗಿದೆ. ಅದು ಪ್ರತಿ ಹಂತದಲ್ಲಿ ಏಳೇ ನಡೆಗಳನ್ನು ಆಯ್ದು ನಾಲ್ಕು ನಡೆಗಳ ಆಳಕ್ಕೆ 2,401 ಸ್ಥಿತಿಗಳನ್ನು ಸುಮಾರು ಎಂಟು ನಿಮಿಷಗಳಲ್ಲಿ ನೋಡುತ್ತಿತ್ತು. ಈ ಆಯ್ಕೆಯ ಮಾರ್ಗವನ್ನೇ ಹಿಡಿದಿದ್ದ ಸ್ಟ್ಯಾನ್‌ಫರ್ಡಿನ ಕ್ರಮವಿಧಿಗೂ, ಎಲ್ಲ ನಡೆಗಳನ್ನೂ ನೋಡುವ ಮಾಸ್ಕೋವಿನ ಕ್ರಮವಿಧಿಗೂ 1966-67ರಲ್ಲಿ ತಂತಿಯ ಮೂಲಕ ನಾಲ್ಕು ಆಟಗಳ ಪಂದ್ಯ ನಡೆಯಿತು. ಸ್ಟ್ಯಾನ್‌ಫರ್ಡಿನ ಐ.ಬಿ.ಎಂ. 7090ರಲ್ಲಿ 36 ದ್ವಿಮಾನಾಂಕಗಳ 32,768 ಪದಗಳು. ಮಾಸ್ಕೋವಿನ ಎಂ-20ರಲ್ಲಿ 45 ದ್ವಿಮಾನಾಂಕಗಳ 4,096 ಪದಗಳು, ಎಂದರೆ ಅದರ ಆರನೆಯ ಒಂದು ಪಾಲಿಗಿಂತಲೂ ಕಡಮೆ. ಎರಡು ಆಟಗಳು ಸಮನಾದುವು. ಉಳಿದೆರಡನ್ನು, ಐದು ನಡೆಗಳ ಆಳಕ್ಕೆ ನೋಡುತ್ತ ಆಡಿ, ಮಾಸ್ಕೋ ಗೆದ್ದಿತು. ನೋಡಿದ ಸ್ಥಿತಿಗಳ ಬೆಲೆಗಳನ್ನು ಮತ್ತೆ ಬೇಕಾದಾಗ ತೆಗೆದುಕೊಳ್ಳಲೆಂದು ಪಟ್ಟಿಮಾಡಿಡುವ ಪದ್ಧತಿ, ಎಂದರೆ ಸ್ಮೃತಿಯನ್ನು ಕೊಟ್ಟು ಕಾಲವನ್ನು ಕೊಳ್ಳುವ ಪದ್ಧತಿ, 1967ರ ಹೊತ್ತಿಗೆ ರಿಚರ್ಡ್ ಗ್ರೀನ್‌ಬ್ಲಾಟ್ ಅವರ ‘ಮ್ಯಾಕ್ ಹ್ಯಾಕ್’ನಲ್ಲಿ ಕಾಣಿಸಿಕೊಂಡಿತು.

ಹಾಗಾದರೆ ಚಿಕ್ಕ ಯಂತ್ರದಲ್ಲಿ ಸ್ಮೃತಿಯ ಕೊರತೆ ತಟ್ಟುವುದು ಎಲ್ಲಿ? ನಿಯಮಗಳನ್ನು ವಿಧಿಸುವ ಆದೇಶಗಳಲ್ಲಿ. ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಮನೆಗಳಿಗೆ ಗಣಕಯಂತ್ರ ಬಂದ ಕಾಲಕ್ಕೆ ಇಳಿಯಬೇಕು. 1976ರಲ್ಲಿ ಮಾರುಕಟ್ಟೆಗೆ ಬಂದ ಕಿಮ್-1 ಎಂಬ ಬರಿಯ ಮಂಡಲಫಲಕದಲ್ಲಿ ಬರೆದು ಅಳಿಸಬಲ್ಲ ಸ್ಮೃತಿ 1,152 ಬೈಟು. ಮ್ಯಾಂಚೆಸ್ಟರಿನಲ್ಲಿ ಕೋಣೆಯನ್ನು ತುಂಬಿದ್ದ ಯಂತ್ರದ ಮುಖ್ಯಸ್ಮೃತಿಗೂ ಇದಕ್ಕೂ ಇರುವ ಅಂತರ 128 ಬೈಟು ಮಾತ್ರ. ಬೆನ್ನ ಹಿಂದೆ ಕಾಂತೀಯ ಉರುಳೆಯಂತೂ ಇಲ್ಲ. ತೆರೆಯಿಲ್ಲ, ಆರು ಅಂಕಿಗಳನ್ನು ಬೆಳಗಿಸುವ ದೀಪಗಳೂ ಒಂದು ಚಿಕ್ಕ ಗುಂಡಿಮಣೆಯೂ ಇದ್ದುವು. ಕೆನಡದ ಟೊರಾಂಟೊವಿನ ಪೀಟರ್ ಜೆನ್ನಿಂಗ್ಸ್ ಅವರು ಇದಕ್ಕಾಗಿ ಬರೆದ ‘ಮೈಕ್ರೋಚೆಸ್’ 924 ಬೈಟುಗಳದು. 1976ರ ಡಿಸೆಂಬರಿನಿಂದ ಅಂಚೆಯ ಮೂಲಕ ಹತ್ತು ಡಾಲರಿಗೆ ಮಾರಾಟವಾಯಿತು. (ಹೀಗೆ ಬಂದ ಹಣದ ನೆರವಿನಿಂದಲೇ ಮುಂದೆ 1979ರ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕಪತ್ರದ ಕ್ರಮವಿಧಿ ಹೊರಬಂದಿತೆಂಬುದು ವಾಣಿಜ್ಯದ ಚರಿತ್ರೆಗೆ ಸೇರಿದ ಮಾತು.) ಕೊಂಡವರಿಗೆ ಆದೇಶಗಳ ಪೂರ್ಣಪಟ್ಟಿಯೂ ಮುದ್ರಿತರೂಪದಲ್ಲಿ ದೊರೆಯುತ್ತಿದ್ದುದು ನಮ್ಮ ಪಾಲಿನ ಭಾಗ್ಯ. ಶಾಸನದ ಪಾಠವನ್ನು ಓದುವ ಎಚ್ಚರದಿಂದ ಆ ಪಟ್ಟಿಯನ್ನು ಓದಬಹುದಾಗಿದೆ.

ಓದಿದರೆ ಕಾಣುವುದೇನು? ಮೊದಲನೆಯದಾಗಿ, ಅದರಲ್ಲಿ ಚದುರಂಗದ ಹಲಗೆಯೇ ಇಲ್ಲ. ಊರಿನ ಪ್ರತಿಯೊಂದು ಮನೆಗೂ ಒಂದೊಂದು ಪುಟವನ್ನು ಮೀಸಲಿಡುವ ಬದಲು, ನಿವಾಸಿಗಳ ಹೆಸರಿನ ಮುಂದೆ ಅವರವರ ಮನೆಯ ಸಂಖ್ಯೆಯನ್ನು ಶಾನುಭೋಗನು ಬರೆದಿಟ್ಟಂತೆ, ಇಲ್ಲಿ 32 ಕಾಯಿಗಳಿಗೆ 32 ಬೈಟುಗಳ ಪಟ್ಟಿಯಿದೆ. ಒಂದೊಂದರಲ್ಲಿ ಆಯಾ ಕಾಯಿ ನಿಂತ ಮನೆಯ ಸಂಖ್ಯೆ. 64 ಮನೆಗಳ ಹಲಗೆಗಿಂತ ಅರ್ಧ ಸ್ಥಳ ಉಳಿಯಿತು. ಆದರೆ ಒಂದು ಮನೆ ಖಾಲಿಯೋ ಅಲ್ಲವೋ ಎಂದು ತಿಳಿಯಲು ಆ ಪಟ್ಟಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ವಿಚಾರಿಸಬೇಕು. ಸ್ಥಳದ ಸಾಲವನ್ನು ಕಾಲದಿಂದ ತೀರಿಸಿದಂತಾಯಿತು.

ಎರಡನೆಯದು ಇನ್ನೂ ಸೊಗಸಾದುದು. ಮನೆಯ ಸಂಖ್ಯೆಯನ್ನು ಬರೆಯುವಾಗ ಬೈಟಿನ ಒಂದು ಅರ್ಧದಲ್ಲಿ ಅಡ್ಡಸಾಲನ್ನೂ ಇನ್ನೊಂದು ಅರ್ಧದಲ್ಲಿ ಉದ್ದಸಾಲನ್ನೂ 0ಯಿಂದ 7ರ ವರೆಗಿನ ಅಂಕಿಯಿಂದ ಸೂಚಿಸಲಾಗಿದೆ. ಅಷ್ಟಕ್ಕೆ ಮೂರು ದ್ವಿಮಾನಾಂಕಗಳು ಸಾಕು. ಅರ್ಧ ಬೈಟಿನಲ್ಲಿರುವುದು ನಾಲ್ಕು. ಕಾಯಿ ಹಲಗೆಯ ಮೇಲಿರುವವರೆಗೆ ನಾಲ್ಕನೆಯ ಸ್ಥಾನ ಸೊನ್ನೆಯಾಗಿಯೇ ಇರುತ್ತದೆ. ಕಾಯಿಯು ಯಾವ ಅಂಚನ್ನು ದಾಟಿ ಹೊರಕ್ಕೆ ಕಾಲಿಟ್ಟರೂ, ಅಂದರೆ 7 ಎಂಟಾದರೂ, ಸೊನ್ನೆಯಿಂದ ಒಂದನ್ನು ಕಳೆದರೂ, ಆ ಸ್ಥಾನದಲ್ಲಿ ಒಂದು ಕಾಣಿಸಿಕೊಳ್ಳುತ್ತದೆ. ನಾಲ್ಕು ಅಂಚುಗಳ ಪರೀಕ್ಷೆಯೂ ಹೀಗೆ ಒಂದೇ ಆದೇಶದಲ್ಲಿ ಮುಗಿಯುತ್ತದೆ. ಹೊಡೆಯಲ್ಪಟ್ಟ ಕಾಯಿಗೆ ಇಂಥ ಹೊರಗಿನ ಸಂಖ್ಯೆಯೊಂದನ್ನು ಕೊಟ್ಟುಬಿಟ್ಟರೆ ಅದು ತಾನಾಗಿಯೇ ಆಟದಿಂದ ಹೊರಗುಳಿಯುತ್ತದೆ. ದಿಕ್ಕುಗಳನ್ನು ಹೇಳುವುದಕ್ಕೆ ಹದಿನಾರು ಸಂಖ್ಯೆಗಳು ಮಾತ್ರ: ಆನೆಯವು ನಾಲ್ಕು, ಒಂಟೆಯವು ನಾಲ್ಕು, ಕುದುರೆಯವು ಎಂಟು. ರಾಜನೂ ಮಂತ್ರಿಯೂ ಆನೆ ಒಂಟೆಗಳ ದಿಕ್ಕುಗಳನ್ನೇ ಎರವಲು ಪಡೆಯುತ್ತಾರೆ.

ಮೂರನೆಯದಾಗಿ, ಎದುರಾಳಿಯ ದೃಷ್ಟಿಯಿಂದ ಆಲೋಚಿಸಲು ಬೇರೆ ಆದೇಶಗಳಿಲ್ಲ. ಎರಡು ಪಕ್ಷಗಳ ಪಟ್ಟಿಗಳನ್ನು ಅದಲುಬದಲು ಮಾಡಿ, ಪ್ರತಿಯೊಂದು ಮನೆಯ ಸಂಖ್ಯೆಯನ್ನು ಏಳು-ಏಳರಿಂದ ಕಳೆದರೆ ಹಲಗೆ ಅರ್ಧಸುತ್ತು ತಿರುಗಿದಂತಾಗುತ್ತದೆ. ಮೊದಲಿನ ಆದೇಶಗಳೇ ಈಗ ಎದುರಾಳಿಗೆ ಸೇವೆಸಲ್ಲಿಸುತ್ತವೆ. ಮೇಜಿನ ಈ ಬದಿಯಿಂದ ಎದ್ದು ಆ ಬದಿಗೆ ಹೋಗಿ ಕುಳಿತಂತೆ. ಮುಂದಿನ ಹೆಜ್ಜೆ ಯಾವುದೆಂದು ನಿರ್ಧರಿಸುವ ಭಾಗಕ್ಕೆ ಜೆನ್ನಿಂಗ್ಸ್ ಅವರು ‘ಜೇನಸ್’ ಎಂದು ರೋಮನರ ದ್ವಿಮುಖ ದೇವತೆಯ ಹೆಸರನ್ನಿಟ್ಟಿರುವುದು ಉಚಿತವಾಗಿಯೇ ಇದೆ.

ಮೈಕ್ರೋಚೆಸ್ ಕೈಬಿಟ್ಟ ಅಂಶಗಳನ್ನು ಈ ರಚನೆಯ ಬೆಳಕಿನಲ್ಲಿ ನೋಡಬೇಕು. ಪದಾತಿಗೆ ಬಡ್ತಿಯಿಲ್ಲವೇಕೆ? ಪಟ್ಟಿಯಲ್ಲಿ ಕಾಯಿಯ ಜಾತಿಯನ್ನು ಎಲ್ಲಿಯೂ ಬರೆದಿಲ್ಲ. ಮೊದಲನೆಯ ಸ್ಥಾನದಲ್ಲಿರುವುದು ರಾಜ, ಎರಡನೆಯದರಲ್ಲಿರುವುದು ಮಂತ್ರಿ, ಕೊನೆಯ ಎಂಟು ಪದಾತಿಗಳು. ಪಟ್ಟಿಯ ಸ್ಥಾನವೇ ಜಾತಿಯಾದ ಮೇಲೆ ಪದಾತಿಯಾಗಿ ಹುಟ್ಟಿದ ಕಾಯಿ ಮಂತ್ರಿಯಾಗುವ ದಾರಿಯೇ ಇಲ್ಲ. ಕೋಟೆಯಿಲ್ಲವೇಕೆ? ಅರ್ಧಸುತ್ತು ತಿರುಗಿಸಿದ ಹಲಗೆಯಲ್ಲಿ ರಾಜನ ಎಡಬಲಗಳು ಬದಲಾಗುತ್ತವೆ. ಸಾಮಾನ್ಯ ನಡೆಗಳಿಗೆ ಇದರಿಂದ ಬಾಧಕವಿಲ್ಲ, ಕೋಟೆಯ ನಡೆಗೆ ಮಾತ್ರ ಉಂಟು. ಸ್ಥಳವನ್ನು ಉಳಿಸಿದ ಉಪಾಯಗಳು ಆಟದ ನಿಯಮಗಳಿಗೂ ಕತ್ತರಿ ಹಾಕಿದುವು.

ಪ್ರಿನ್ಸ್ ಅವರಿಂದ ಜೆನ್ನಿಂಗ್ಸ್ ಅವರವರೆಗಿನ ಬಿಟ್ಟ ನಿಯಮಗಳನ್ನು ಒಟ್ಟುಗೂಡಿಸಿದಾಗ ಚರಿತ್ರೆಯ ವಿದ್ಯಾರ್ಥಿಯ ಮನಸ್ಸನ್ನು ಸೆಳೆಯುವ ಸಂಗತಿಯೊಂದಿದೆ. ಹಲಗೆಯನ್ನು ಈ ಕ್ಷಣದಲ್ಲಿ ನೋಡಿದವನು ಕಾಯಿಗಳ ಹೆಚ್ಚಿನ ಎಲ್ಲ ನಡೆಗಳನ್ನೂ ತಿಳಿಯಬಲ್ಲನು. ಆದರೆ ರಾಜನು ಹಿಂದೆ ಒಮ್ಮೆಯಾದರೂ ಕದಲಿದ್ದನೇ ಎಂಬುದನ್ನರಿಯದೆ ಕೋಟೆಯ ಹಕ್ಕನ್ನು ಹೇಳಲಾಗದು; ಪದಾತಿಯು ಈಗತಾನೆ ಎರಡು ಮನೆ ದಾಟಿತೇ ಎಂಬುದನ್ನರಿಯದೆ ಆಂಪಾಸಾಂ ಹಕ್ಕನ್ನು ಹೇಳಲಾಗದು; ಒಂದೇ ಸ್ಥಿತಿ ಮೂರು ಸಲ ಬಂದಿತೇ ಎಂಬುದಕ್ಕೆ ಆಟದ ಇತಿಹಾಸವೇ ಬೇಕು. ಗತವನ್ನು ನೆನಪಿಡಬೇಕಾದ ನಿಯಮಗಳನ್ನೇ ಅಲ್ಪಸ್ಮೃತಿಯ ಯಂತ್ರಗಳು ತೊರೆದುವೆಂದು ಹೇಳಿಬಿಡುವ ಆಸೆಯಾಗುತ್ತದೆ. ಅಷ್ಟೇ ಅಲ್ಲ, ಕೋಟೆ, ಪದಾತಿಯ ಜೋಡಿನಡೆ, ಆಂಪಾಸಾಂ ಇವು ಭಾರತದಿಂದ ಪರ್ಷಿಯದ ಮೂಲಕ ಅರಬರಿಗೆ ಹೋದ ಶತ್ರಂಜಿನಲ್ಲಿ ಇರಲಿಲ್ಲ. ಯುರೋಪಿನಲ್ಲಿ ಅನಂತರ ಸೇರಿದವು. ಆದ್ದರಿಂದ ಯಂತ್ರಗಳು ತಿಳಿಯದೆಯೇ ಆಟವನ್ನು ಅದರ ಹಳೆಯ ರೂಪದ ಕಡೆಗೆ ಒಯ್ದುವೆಂದೂ ಹೇಳಬಹುದು.

ಆದರೆ ಲೆಕ್ಕಹಾಕಿ ನೋಡಿದರೆ ಈ ರಮಣೀಯವಾದ ಸೂತ್ರ ಅರ್ಧಸತ್ಯವಾಗಿ ಉಳಿಯುತ್ತದೆ. ಎರಡೂ ಪಕ್ಷಗಳ ಕೋಟೆಯ ಹಕ್ಕುಗಳನ್ನು ನೆನಪಿಡಲು ನಾಲ್ಕು ದ್ವಿಮಾನಾಂಕಗಳು ಸಾಕು. ಈಗತಾನೆ ಜೋಡಿನಡೆಯಿಟ್ಟ ಪದಾತಿ ಯಾವ ಸಾಲಿನದೆಂದು ನೆನಪಿಡಲು ಇನ್ನು ನಾಲ್ಕು. ಎರಡೂ ಸೇರಿ ಒಂದೇ ಬೈಟು. ದುಬಾರಿಯಾದುದು ನೆನಪಲ್ಲ, ಅದನ್ನು ಬಳಸುವ ವಿಧಿ. ಕೋಟೆ ಕಟ್ಟುವಾಗ ನಡುವಣ ಮನೆಗಳು ಖಾಲಿಯಿರಬೇಕು, ರಾಜನಿಗೆ ಚೆಕ್ ಇರಬಾರದು, ಅವನು ದಾಟುವ ಮನೆಯೂ ಶತ್ರುವಿನ ಹೊಡೆತದಲ್ಲಿರಬಾರದು, ಎರಡು ಕಾಯಿಗಳು ಒಟ್ಟಿಗೆ ಚಲಿಸಬೇಕು, ಹಿಂತೆಗೆಯುವಾಗಲೂ ಒಟ್ಟಿಗೆ ಮರಳಬೇಕು. ಇವೊಂದೊಂದಕ್ಕೂ ಆದೇಶಗಳು ಬೇಕು. ಮೂರು ಸಲದ ಪುನರಾವೃತ್ತಿಯ ನಿಯಮವೊಂದೇ ನಿಜವಾಗಿ ಗತದ ದಾಖಲೆಯನ್ನು ಬೇಡುವಂಥದು. ಬಡ್ತಿಯಂತೂ ಗತವನ್ನು ಬೇಡುವುದೂ ಇಲ್ಲ, ಅರ್ವಾಚೀನವೂ ಅಲ್ಲ, ಶತ್ರಂಜಿನಲ್ಲಿಯೇ ಇದ್ದಿತು. ಅದನ್ನು ಬಿಟ್ಟುದಕ್ಕೆ ಕಾರಣ ಪಟ್ಟಿಯ ರಚನೆಯೆಂಬುದನ್ನು ಮೇಲೆ ನೋಡಿದೆವು.

ಈ ಅಭಿಪ್ರಾಯಕ್ಕೆ 1979ರ ಅಟಾರಿ ‘ವೀಡಿಯೊ ಚೆಸ್’ ಸಾಕ್ಷ್ಯ ನುಡಿಯುತ್ತದೆ. ದೂರದರ್ಶನದ ಪೆಟ್ಟಿಗೆಗೆ ಜೋಡಿಸುವ ಆ ಆಟಿಕೆಯಲ್ಲಿ ಬರೆದಳಿಸುವ ಸ್ಮೃತಿ 128 ಬೈಟು ಮಾತ್ರ, ಕಿಮ್-1ರ ಒಂಬತ್ತನೆಯ ಒಂದು ಪಾಲು. ಹಾಗಿದ್ದರೂ ಲ್ಯಾರಿ ವ್ಯಾಗ್ನರ್ ಮತ್ತು ಬಾಬ್ ವೈಟ್‌ಹೆಡ್ ಅವರು ರಚಿಸಿದ ಈ ಆಟದಲ್ಲಿ ಕೋಟೆಯೂ ಇದೆ, ಆಂಪಾಸಾಂ ಸಹ ಇದೆ. ಆದೇಶಗಳು ಬೇರೊಂದು ಕಡೆ, ಓದಲಷ್ಟೆ ಬರುವ 4,096 ಬೈಟುಗಳ ಶಾಶ್ವತಸ್ಮೃತಿಯಲ್ಲಿದ್ದುದೇ ಇದರ ರಹಸ್ಯ. ತೆರೆಯ ಮೇಲೆ ಚಿತ್ರವನ್ನು ಗೆರೆಗೆರೆಯಾಗಿ ಬರೆಯುವ ಕೆಲಸವನ್ನೂ ಆಲೋಚಿಸುವ ಕೆಲಸವನ್ನೂ ಒಂದೇ ಸಂಸ್ಕಾರಕ ಮಾಡಬೇಕಾದುದರಿಂದ, ಯಂತ್ರವು ಆಲೋಚನೆಗೆ ತೊಡಗಿದಾಗ ಹಲಗೆಯ ಚಿತ್ರವೇ ತೆರೆಯಿಂದ ಮಾಯವಾಗುತ್ತಿತ್ತು.

‘ಅತ್ಯಂತ ಚಿಕ್ಕದು’ ಎಂಬ ಬಿರುದಿನ ವಿಚಾರ ಇನ್ನು ಉಳಿದಿದೆ. 1982ರಲ್ಲಿ ಡೇವಿಡ್ ಹಾರ್ನ್ ಅವರು ಇಂಗ್ಲೆಂಡಿನ ಝೆಡ್‌ಎಕ್ಸ್81 ಯಂತ್ರಕ್ಕಾಗಿ ಬರೆದ ಕ್ರಮವಿಧಿ 672 ಬೈಟುಗಳದು. ಯಂತ್ರದಲ್ಲಿದ್ದುದು 1,024, ಅದರಲ್ಲಿ 125 ಯಂತ್ರದ ಸ್ವಂತ ಉಪಯೋಗಕ್ಕೆ. ಅದರಲ್ಲಿಯೂ ಕೋಟೆ, ಬಡ್ತಿ, ಆಂಪಾಸಾಂ ಮೂರೂ ಇಲ್ಲ. 2015ರಲ್ಲಿ ‘ಬೂಟ್‌ಚೆಸ್’ ಎಂಬ 487 ಬೈಟುಗಳ ಕ್ರಮವಿಧಿ ಹೊರಬಂದಾಗ ಮೂವತ್ತಮೂರು ವರ್ಷಗಳ ದಾಖಲೆ ಮುರಿಯಿತೆಂದು ಪತ್ರಿಕೆಗಳು ಸಾರಿದುವು. ಅದರಲ್ಲಿಯೂ ನಿಯಮಗಳೆಲ್ಲ ಇರಲಿಲ್ಲ. ಇಂಥ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವವರು ಬಿಟ್ಟ ನಿಯಮಗಳನ್ನು ಮಾತ್ರವಲ್ಲ, ಎರವಲು ತಂದ ಸ್ಮೃತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಮೈಕ್ರೋಚೆಸ್ ದೀಪಗಳನ್ನು ಬೆಳಗಿಸಲು, ಗುಂಡಿಗಳನ್ನು ಓದಲು ಕಿಮ್-1ರ 2,048 ಬೈಟುಗಳ ಶಾಶ್ವತಸ್ಮೃತಿಯಲ್ಲಿದ್ದ ಆದೇಶಗಳನ್ನು ಕರೆಯುತ್ತಿತ್ತು. ಝೆಡ್‌ಎಕ್ಸ್81ರಲ್ಲಿ ಅಂಥ ಶಾಶ್ವತಸ್ಮೃತಿ 8,192 ಬೈಟು. ಬೂಟ್‌ಚೆಸ್ ಆಡುವ ಇಂದಿನ ಯಂತ್ರದಲ್ಲಿ ಅದು ಇನ್ನೆಷ್ಟೋ ಪಾಲು ಹೆಚ್ಚು. ಇನ್ನೊಂದು ಕಡೆ, ಹಾರ್ನ್ ಅವರ 672 ಬೈಟುಗಳು ಹಲಗೆಯನ್ನು ತೆರೆಯ ಮೇಲೆ ತೋರಿಸುತ್ತಿದ್ದುವು. ಜೆನ್ನಿಂಗ್ಸ್ ಅವರ 924 ಬೈಟುಗಳೊಡನೆ ಆಡುವವನು ಮರದ ಹಲಗೆಯೊಂದನ್ನು ಪಕ್ಕದಲ್ಲಿ ಹಾಸಿಕೊಂಡು, ಯಂತ್ರದ ಕಾಯಿಗಳನ್ನೂ ತನ್ನ ಕೈಯಿಂದಲೇ ನಡೆಸಬೇಕಾಗಿತ್ತು.